ಸಿತಾರ ಕೆಳಗಿಟ್ಟ ಮೇಲಿನ ಹ್ಯಾರಿಸನ್: ಧಾರವಾಡದ ಕಿವಿಗೆ ಒಂದು ಕೇಳುವ ಕ್ರಮ

ಇಂಗ್ಲೆಂಡಿನ ಬೀಟಲ್ಸ್ ಗಾಯಕ ತಂಡ ಒಡೆದ ಸುದ್ದಿ ಜಗತ್ತಿಗೆ ತಿಳಿದದ್ದು 1970ರ ಏಪ್ರಿಲ್ ತಿಂಗಳಲ್ಲಿ. ಆ ವರ್ಷ ಮುಗಿಯುವುದರೊಳಗೆ ತಂಡದ ಮೂವರು ಮುಖ್ಯ ರಚನಕಾರರೂ ತಮ್ಮ ತಮ್ಮ ಹೆಸರಿನಲ್ಲಿ ಹಾಡಿನ ಆಲ್ಬಮ್ ಹೊರತಂದಿದ್ದರು. ಪಾಲ್ ಮೆಕಾರ್ಟ್ನಿಯವರದು ಏಪ್ರಿಲ್‌ನಲ್ಲಿ, ಜಾರ್ಜ್ ಹ್ಯಾರಿಸನ್ ಅವರದು ನವೆಂಬರ್ ಕೊನೆಯಲ್ಲಿ, ಜಾನ್ ಲೆನನ್ ಅವರದು ಡಿಸೆಂಬರ್‌ನಲ್ಲಿ ಬಂದವು. ನಮ್ಮ ಧಾರವಾಡ, ಹುಬ್ಬಳ್ಳಿ, ಗದಗಿನ ಕಡೆಯ ಸಂಗೀತಪ್ರಿಯರು ಈ ಮೂವರಲ್ಲಿ ಮೊದಲು ಕೈಹಾಕುವುದು ಹ್ಯಾರಿಸನ್ ಅವರಿಗೇ. ಅದಕ್ಕೆ ಕಾರಣ ರವಿಶಂಕರ್ ಅವರ ಹೆಸರು. ಸಿತಾರರತ್ನ ರಹಿಮತ್ ಖಾನ್ ಅವರ ಮನೆತನ ನೆಲೆಸಿ, ಬಾಲೇಖಾನ್ ಅವರವರೆಗೆ ಸಿತಾರ ನುಡಿಸಿದ ಊರಿನವರು ರವಿಶಂಕರ್ ಅವರಲ್ಲಿ ಸಿತಾರ ಕಲಿತ ಇಂಗ್ಲೆಂಡಿನವನೊಬ್ಬನ ಬಗ್ಗೆ ಕುತೂಹಲ ತಾಳುವುದು ಸಹಜವೇ ಆಗಿದೆ. ಆದರೆ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಎಂಬ ಆ ಆಲ್ಬಮ್ ಅನ್ನು ಹಚ್ಚಿದ ಹತ್ತು ನಿಮಿಷಕ್ಕೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಇದ್ರಾಗ ಸಿತಾರ ಎಲ್ಲೈತ್ರೀ?"

ಸಿತಾರ ಅದರಲ್ಲಿಲ್ಲ, ಅದನ್ನು ಹುಡುಕುತ್ತ ಕೂತರೆ ಇರುವುದೂ ಕಿವಿಗೆ ಬೀಳುವುದಿಲ್ಲ. ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದವರಿಗೆ ಈ ಹಾಡುಗಳು ನಿಜವಾಗಿ ಒಲಿಯುವ ಬಾಗಿಲು ಬೇರೊಂದಿದೆ. ಅಲ್ಲಿಗೆ ಹೋಗುವ ಕ್ರಮವನ್ನು ಮುಂದೆ ಹೇಳಿದ್ದೇನೆ. ಕ್ರಮ ಮುಖ್ಯ. ಮೂರು ಗ್ರಾಮಫೋನ್ ತಟ್ಟೆಗಳಲ್ಲಿ ಹರಡಿಕೊಂಡಿರುವ, ಇಪ್ಪತ್ಮೂರು ತುಣುಕುಗಳ ಈ ಆಲ್ಬಮ್ ಅನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಬೈಠಕ್ಕಿನಲ್ಲಿ ಕೇಳಲು ಹೊರಟರೆ ಅರ್ಧಕ್ಕೇ ದಣಿವಾಗುತ್ತದೆ.

ಮೊದಲು ಮಾಡಬೇಕಾದದ್ದು

ಆಲ್ಬಮ್ ಮುಟ್ಟುವ ಮೊದಲು ಬೀಟಲ್ಸ್ ತಂಡದ 1969ರ 'ಆಬಿ ರೋಡ್' ಆಲ್ಬಮ್‌ನಲ್ಲಿರುವ ಹ್ಯಾರಿಸನ್ ಅವರ ಎರಡು ಹಾಡುಗಳನ್ನು, ಅಂದರೆ 'ಸಮ್‌ಥಿಂಗ್' ಮತ್ತು 'ಹಿಯರ್ ಕಮ್ಸ್ ದಿ ಸನ್' ಎಂಬವನ್ನು, ಒಮ್ಮೆ ಕೇಳಿರಿ. ತಂಡದ ಹೆಚ್ಚಿನ ಹಾಡುಗಳನ್ನು ಲೆನನ್ ಮತ್ತು ಮೆಕಾರ್ಟ್ನಿ ಬರೆಯುತ್ತಿದ್ದುದರಿಂದ ಹ್ಯಾರಿಸನ್ ಅವರಿಗೆ ಸಾಮಾನ್ಯವಾಗಿ ಒಂದು ಆಲ್ಬಮ್‌ಗೆ ಒಂದೆರಡು ಹಾಡುಗಳ ಜಾಗವಷ್ಟೇ ಸಿಗುತ್ತಿತ್ತು. ಹೀಗಾಗಿ ಬರೆದಿಟ್ಟ ಹಾಡುಗಳು ವರ್ಷಗಟ್ಟಲೆ ಕೂಡುತ್ತ ಹೋದವು. 'ಇಸಂಟ್ ಇಟ್ ಎ ಪಿಟಿ' 1966ರಷ್ಟು ಹಿಂದಿನದು. ಆಲ್ಬಮ್‌ಗೆ ಹೆಸರು ಕೊಟ್ಟ ಹಾಡನ್ನು 1969ರ ಜನವರಿಯಲ್ಲಿ ಇಡೀ ತಂಡ ತಾಲೀಮು ಮಾಡಿ ಕೈಬಿಟ್ಟಿತ್ತು. ಅದೇ ತಾಲೀಮಿನ ನಡುವೆ, ಜನವರಿ 10ರಂದು, ಹ್ಯಾರಿಸನ್ ಬೇಸತ್ತು ಕೆಲವು ದಿನ ತಂಡದಿಂದ ಹೊರನಡೆದರು. ಅಂದು ಬರೆದ ಹಾಡೇ 'ವಾ-ವಾ'. ಇಷ್ಟು ತಿಳಿದಿದ್ದರೆ ತಂಡ ಒಡೆದ ಕೆಲವೇ ತಿಂಗಳಲ್ಲಿ ಮೂರು ತಟ್ಟೆ ತುಂಬುವಷ್ಟು ಸರಕು ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ. ಹೆಚ್ಚಿನ ಜೀವನಚರಿತ್ರೆ ಈ ಹಂತದಲ್ಲಿ ಬೇಡ.

ನಂತರ ಕಂಠವನ್ನು ಒಂಟಿಯಾಗಿ ಕೇಳಿರಿ

ಈ ಆಲ್ಬಮ್‌ನ ದೊಡ್ಡ ತೊಡಕೆಂದರೆ ಅದರ ನಾದದ ದಟ್ಟಣೆ. ಹ್ಯಾರಿಸನ್ ಅವರೊಂದಿಗೆ ನಿರ್ಮಾಪಕರಾಗಿದ್ದ ಫಿಲ್ ಸ್ಪೆಕ್ಟರ್ ಅವರ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಹಲವು ಗಿಟಾರು, ಒಂದಕ್ಕಿಂತ ಹೆಚ್ಚು ಪಿಯಾನೊ ಮತ್ತು ಡ್ರಮ್ಮುಗಳು ಕೂಡಿ ನುಡಿಯುತ್ತವೆ. ಎಲ್ಲದರ ಮೇಲೆ ಗುಮ್ಮಟದ ಕೆಳಗೆ ನಿಂತು ಹಾಡಿದಂಥ ಪ್ರತಿಧ್ವನಿಯನ್ನು ಸೇರಿಸಲಾಗುತ್ತದೆ. ತಂಬೂರಿ, ತಬಲಾ, ಪೇಟಿ ಇಷ್ಟರ ನಡುವೆ ಗಾಯಕರ ಉಸಿರು ಎಳೆದುಕೊಳ್ಳುವ ಸದ್ದನ್ನೂ ಕೇಳುವ ರೂಢಿಯಿರುವ ನಮ್ಮವರಿಗೆ ಇದು ಗದ್ದಲವೆನಿಸಿದರೆ ಆಶ್ಚರ್ಯವಿಲ್ಲ. ಸ್ವತಃ ಹ್ಯಾರಿಸನ್ ಅವರೇ 2001ರ ಮರುಮುದ್ರಣದ ಹೊತ್ತಿಗೆ ಆ ಪ್ರತಿಧ್ವನಿ ಅತಿಯಾಯಿತೆಂಬ ಅಭಿಪ್ರಾಯಕ್ಕೆ ಬಂದಿದ್ದರು.

ಆದ್ದರಿಂದ ಆಲ್ಬಮ್‌ನ ಐವತ್ತನೆಯ ವರ್ಷದ ನೆನಪಿಗೆ 2021ರಲ್ಲಿ ಬಂದ ವಿಸ್ತೃತ ಆವೃತ್ತಿಯನ್ನು ಮೊಬೈಲಿನ ಹಾಡಿನ ಆ್ಯಪ್‌ನಲ್ಲಿ ಹುಡುಕಿಕೊಳ್ಳಿರಿ. ಅದರಲ್ಲಿ 1970ರ ಮೇ 26 ಮತ್ತು 27ರಂದು ಮುದ್ರಿಸಿದ ಕಚ್ಚಾ ರೂಪಗಳು, ಅಂದರೆ ಡೆಮೊಗಳು, ಸೇರಿವೆ. ಎರಡನೆಯ ದಿನದವುಗಳಿಂದ ಆರಂಭಿಸುವುದು ಮೇಲು. ಅಂದು ಹ್ಯಾರಿಸನ್ ಗಿಟಾರು ಹಿಡಿದು ಒಬ್ಬರೇ ಕೂತು, ತಮ್ಮಲ್ಲಿರುವ ಹಾಡುಗಳನ್ನು ಸ್ಪೆಕ್ಟರ್ ಅವರಿಗೆ ಒಂದೊಂದಾಗಿ ಹಾಡಿ ತೋರಿಸಿದರು. 'ಬಿವೇರ್ ಆಫ್ ಡಾರ್ಕ್‌ನೆಸ್', 'ರನ್ ಆಫ್ ದಿ ಮಿಲ್', 'ಹಿಯರ್ ಮಿ ಲಾರ್ಡ್' ಈ ಮೂರು ಸಾಕು. ಅವರದು ಬಲವಾದ ಕಂಠವಲ್ಲ. ಮಲ್ಲಿಕಾರ್ಜುನ ಮನಸೂರ ಅಥವಾ ಗಂಗೂಬಾಯಿ ಹಾನಗಲ್ಲರ ದನಿಯ ಅಳತೆಗೋಲನ್ನು ಇಲ್ಲಿ ಹಿಡಿಯಲೇಬಾರದು. ಇದು ತುಸು ತೆಳುವಾದ, ಮೇಲಿನ ಸ್ವರಗಳಲ್ಲಿ ಬಿಗಿಯಾಗುವ, ಆದರೆ ಸ್ವರವನ್ನು ನೇರವಾಗಿ ಹೊಡೆಯದೆ ಕೆಳಗಿನಿಂದ ಸವರಿಕೊಂಡು ಮುಟ್ಟುವ ಕಂಠ. ಆ ಸವರಿಕೆಯನ್ನು ಗುರುತಿಸಿಕೊಳ್ಳಿರಿ. ಮುಂದಿನ ಎಲ್ಲ ಹೆಜ್ಜೆಗಳಿಗೂ ಅದೇ ಆಧಾರ.

ಮೊದಲ ದಿನದ ಡೆಮೊಗಳಲ್ಲಿ ಅವರೊಂದಿಗೆ ಡ್ರಮ್ಮಿಗೆ ಬೀಟಲ್ಸ್ ತಂಡದವರೇ ಆದ ರಿಂಗೊ ಸ್ಟಾರ್, ಬೇಸ್ ಗಿಟಾರಿಗೆ ಕ್ಲಾಸ್ ಫೋರ್ಮನ್ ಇದ್ದಾರೆ. ಇಲ್ಲೊಂದು ಸ್ವಾರಸ್ಯದ ಹೋಲಿಕೆಯಿದೆ. ಅದೇ ವರ್ಷದ ಲೆನನ್ ಅವರ ಆಲ್ಬಮ್‌ನಲ್ಲಿಯೂ ಡ್ರಮ್ಮು ನುಡಿಸಿದವರು ರಿಂಗೊ, ಬೇಸ್ ನುಡಿಸಿದವರು ಫೋರ್ಮನ್, ನಿರ್ಮಾಪಕರ ಪಟ್ಟಿಯಲ್ಲಿರುವವರೂ ಸ್ಪೆಕ್ಟರ್. ಆದರೂ ಅದು ಎಲುಬು ಕಾಣುವಷ್ಟು ಬರಿದಾದ ನಾದದ ಆಲ್ಬಮ್. ಹಾಗಾದರೆ ಹ್ಯಾರಿಸನ್ ಅವರ ಆಲ್ಬಮ್‌ನ ದಟ್ಟಣೆಯನ್ನೆಲ್ಲ ಸ್ಪೆಕ್ಟರ್ ಅವರ ತಲೆಗೆ ಕಟ್ಟುವ ವಾಡಿಕೆ ಪೂರ್ತಿ ಸರಿಯಲ್ಲ. ಹತ್ತು ವರ್ಷ ಇನ್ನಿಬ್ಬರ ಹಿಂದೆ ನಿಂತಿದ್ದವರಿಗೆ ತಮ್ಮ ಹಾಡಿನ ಸುತ್ತ ಜನ ತುಂಬಿರಬೇಕೆಂಬ ಆಸೆ ಇದ್ದಿರಬೇಕೆಂದು ನನಗೆ ಅನಿಸುತ್ತದೆ.

ಸ್ಲೈಡ್ ಗಿಟಾರಿನಲ್ಲಿ ಮೀಂಡ್

ಬಾಗಿಲು ಬೇರೊಂದಿದೆ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಹ್ಯಾರಿಸನ್ ಮೊದಲ ಬಾರಿಗೆ ಬೀಟಲ್ಸ್ ಹಾಡಿನಲ್ಲಿ ಸಿತಾರ ನುಡಿಸಿದ್ದು 1965ರಲ್ಲಿ. ರವಿಶಂಕರ್ ಅವರ ಭೇಟಿಯಾದದ್ದು 1966ರಲ್ಲಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಭಾರತಕ್ಕೆ ಬಂದು ಪಾಠ ಹೇಳಿಸಿಕೊಂಡರು. ಆದರೆ ಸಿತಾರ ಚಿಕ್ಕಂದಿನಿಂದ ಕೂತು ಸಾಧಿಸಬೇಕಾದ ವಾದ್ಯವೆಂಬುದು ಅವರಿಗೆ ಬೇಗ ಮನವರಿಕೆಯಾಯಿತು. 1968ರ ಹೊತ್ತಿಗೆ ಅದನ್ನು ಗಂಭೀರವಾಗಿ ಅಭ್ಯಾಸ ಮಾಡುವುದನ್ನು ಬಿಟ್ಟು ಮತ್ತೆ ಗಿಟಾರಿಗೆ ಮರಳಿದರು. 1969ರ ಡಿಸೆಂಬರ್‌ನಲ್ಲಿ ಡಿಲೇನಿ ಮತ್ತು ಬಾನಿ ಎಂಬವರ ತಂಡದ ಜೊತೆ ತಿರುಗಾಟದಲ್ಲಿದ್ದಾಗ ಸ್ಲೈಡ್ ಗಿಟಾರು ಹಿಡಿದರು.

ಸಾಮಾನ್ಯ ಗಿಟಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂಡಿಸಿದ ಪಟ್ಟಿಗಳಿರುವುದರಿಂದ ಸ್ವರಗಳು ಬಿಡಿಬಿಡಿಯಾಗಿ ಹೊರಡುತ್ತವೆ. ಸ್ಲೈಡ್ ನುಡಿಸುವವರು ಬೆರಳಿಗೆ ಗಾಜಿನ ಅಥವಾ ಲೋಹದ ಕೊಳವೆ ತೊಟ್ಟು ಅದನ್ನು ತಂತಿಯ ಮೇಲೆ ಜಾರಿಸುತ್ತಾರೆ. ಹೀಗಾಗಿ ಎರಡು ಸ್ವರಗಳ ನಡುವಿನ ಜಾಗವೂ ನುಡಿಯುತ್ತದೆ. ಸಿತಾರದಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಪಡೆಯುವ ಮೀಂಡ್ ಇಲ್ಲಿ ಉದ್ದಕ್ಕೆ ಜಾರಿಸುವುದರಿಂದ ಸಿಗುತ್ತದೆ. ಬ್ರಿಜಭೂಷಣ ಕಾಬ್ರಾ ಅಥವಾ ವಿಶ್ವಮೋಹನ ಭಟ್ ಅವರನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಹ್ಯಾರಿಸನ್ ಅವರ ಸ್ಲೈಡ್ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ವಾದಕರ ಒರಟು ಸ್ಲೈಡಿಗಿಂತ ಬೇರೆ ಜಾತಿಯದು. ಅದು ಸ್ವರದ ಹತ್ತಿರ ಬಂದು, ತುಸು ತಡೆದು, ಶುದ್ಧವಾಗಿ ನಿಲ್ಲುತ್ತದೆ. ಸಿತಾರ ಕೈಬಿಟ್ಟರೂ ಸಿತಾರದ ಪಾಠ ಕೈಬಿಡಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಈಗ 'ಮೈ ಸ್ವೀಟ್ ಲಾರ್ಡ್' ಹಚ್ಚಿರಿ. ಈ ಹಾಡನ್ನು ನೀವು ಮೊದಲೇ ಹಲವು ಸಲ ಕೇಳಿರಬಹುದು, ಆದರೂ ಮೊದಲ ಸುತ್ತಿನಲ್ಲಿ ಮಾತಿಗೆ ಗಮನ ಕೊಡದೆ ಸ್ಲೈಡಿನ ಚಿಕ್ಕ ಸಾಲೊಂದನ್ನೇ ಹಿಂಬಾಲಿಸಿರಿ. ಎರಡನೆಯ ಸುತ್ತಿನಲ್ಲಿ ಆ ಸಾಲು ಒಂದಲ್ಲ, ಎರಡು ಗಿಟಾರುಗಳು ಬೇರೆ ಬೇರೆ ಸ್ವರದಲ್ಲಿ ಜೊತೆಯಾಗಿ ನುಡಿಯುತ್ತಿವೆ ಎಂಬುದನ್ನು ಗುರುತಿಸಿರಿ. ಇದು ನಮ್ಮ ಪದ್ಧತಿಯಲ್ಲಿ ಇಲ್ಲದ್ದು, ಹಾಗಾಗಿ ಕಿವಿ ಒಂದನ್ನೇ ಹಿಡಿದು ಇನ್ನೊಂದನ್ನು ಬಿಡುತ್ತದೆ. ಅಭ್ಯಾಸದಿಂದ ಮಾತ್ರ ಎರಡೂ ಕೇಳಿಸುತ್ತವೆ. ಇಲ್ಲಿ ಆಲಾಪವಾಗಲಿ ತಾನಗಳಾಗಲಿ ಬರುತ್ತವೆಂದು ಕಾಯಬೇಡಿರಿ. ಹ್ಯಾರಿಸನ್ ಅವರ ಏಕವಾದನವೆಂದರೆ ಮೊದಲೇ ಕಟ್ಟಿಟ್ಟ, ಹಾಡಿಕೊಳ್ಳಲು ಬರುವಂಥ ಒಂದು ಸಾಲು. ಬಂದಿಶಿನ ಸ್ಥಾಯಿಯಂತೆ ಅದು ಹೆಚ್ಚು ಬದಲಾಗದೆ ಮರಳಿ ಮರಳಿ ಬರುತ್ತದೆ.

ಮೂರನೆಯ ಸುತ್ತಿಗೆ ಮನೆಯಲ್ಲಿ ಪೇಟಿ ಇದ್ದರೆ ಎದುರಿಗಿಟ್ಟುಕೊಳ್ಳಿರಿ. ಹಾಡಿನ ಷಡ್ಜ ಬಿಳಿ ಮೂರಕ್ಕೆ, ಅಂದರೆ ಸಪ್ತಕದ ಮೂರನೆಯ ಬಿಳಿ ಮನೆಗೆ, ಹೊಂದುತ್ತದೆ. ಅದನ್ನು ಒತ್ತಿ ಹಿಡಿದುಕೊಂಡು ಕೇಳುತ್ತ ಹೋದರೆ ಹಾಡಿನ ನಡುವೆ ಒಂದು ಕಡೆ ನಿಮ್ಮ ಸ್ವರ ಹಾಡಿನೊಡನೆ ಕಚ್ಚಾಡತೊಡಗುತ್ತದೆ, ಏಕೆಂದರೆ ಅಲ್ಲಿ ಷಡ್ಜವೇ ಕರಿ ಮೂರಕ್ಕೆ ಏರಿರುತ್ತದೆ. ತಂಬೂರಿಯ ಮೇಲೆ ನಿಂತ ಸಂಗೀತದಲ್ಲಿ ನಡುವೆ ಹೀಗೆ ಷಡ್ಜ ಬದಲಿಸುವುದಿಲ್ಲ. ಪಾಶ್ಚಾತ್ಯ ಹಾಡುಗಾರರಲ್ಲಿ ಅದೊಂದು ಉಪಾಯ: ಲಯ ಹೆಚ್ಚಿಸದೆಯೇ ಹಾಡಿಗೆ ಏರಿಕೆ ತರುವುದು. ಡ್ರಮ್ಮು ತಡವಾಗಿ ಒಳಬರುವುದೂ ಇದೇ ಲೆಕ್ಕದ್ದು.

ಹಾಡನ್ನು ಭಜನೆಯಾಗಿ ಕೇಳುವುದು

ಅದೇ ಹಾಡಿನಲ್ಲಿ ಇನ್ನೊಂದು ಹೆಜ್ಜೆಯಿದೆ. ಸಿದ್ಧಾರೂಢ ಮಠದ ಭಜನೆಯಲ್ಲೋ ಊರ ಭಜನಾ ಮೇಳದಲ್ಲೋ ಒಮ್ಮೆಯಾದರೂ ಕೂತವರಿಗೆ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಮೇಳದವರು ತಿರುಗಿ ಹೇಳುವ ಕ್ರಮ ಗೊತ್ತಿರುತ್ತದೆ. 'ಮೈ ಸ್ವೀಟ್ ಲಾರ್ಡ್' ಕಟ್ಟಿರುವುದು ಆ ಕ್ರಮದಲ್ಲೇ. ಅದಕ್ಕೆ ನೇರ ಪ್ರೇರಣೆ ಬಂದದ್ದು ಅಮೆರಿಕದ ಕಪ್ಪು ಜನರ ಚರ್ಚುಗಳ ಗಾಸ್ಪೆಲ್ ಹಾಡಿನಿಂದ. ಹಿಮ್ಮೇಳ ಮೊದಲು 'ಹಲ್ಲೆಲೂಯ' ಎನ್ನುತ್ತದೆ, ಕೇಳುತ್ತಿದ್ದಂತೆಯೇ 'ಹರೇ ಕೃಷ್ಣ'ಕ್ಕೆ ಹೊರಳುತ್ತದೆ, ಕೊನೆಕೊನೆಗೆ 'ಗುರುರ್ಬ್ರಹ್ಮಾ ಗುರುರ್ವಿಷ್ಣುಃ' ಶ್ಲೋಕವೂ ಅದರಲ್ಲಿ ಸೇರಿಕೊಳ್ಳುತ್ತದೆ. ಶ್ಲೋಕ ಹಿಂದಿನ ಪದರದಲ್ಲಿದೆ, ಹೆಡ್‌ಫೋನ್ ಇಲ್ಲದೆ ಸ್ಪಷ್ಟವಾಗಿ ಸಿಗಲಿಕ್ಕಿಲ್ಲ. ಆ ಹಿಮ್ಮೇಳದ ಹೆಸರು ಆಲ್ಬಮ್‌ನ ಮೇಲೆ 'ಜಾರ್ಜ್ ಒ'ಹಾರಾ-ಸ್ಮಿತ್ ಸಿಂಗರ್ಸ್' ಎಂದಿದೆಯಾದರೂ ಅಂಥ ಮೇಳವೇನೂ ಇರಲಿಲ್ಲ. ಹ್ಯಾರಿಸನ್ ತಮ್ಮ ದನಿಯನ್ನೇ ಪದರ ಪದರವಾಗಿ ಮುದ್ರಿಸಿಕೊಂಡು ಮೇಳ ಮಾಡಿದ್ದರು.

ಈ ಹಾಡಿನ ಧಾಟಿ ಶಿಫಾನ್ಸ್ ಎಂಬ ಗಾಯಕಿಯರ ತಂಡದ ಹಳೆಯ ಹಾಡೊಂದಕ್ಕೆ ಹೋಲುತ್ತದೆಂದು ದಾವೆ ನಡೆದು, ತಿಳಿಯದೆಯೇ ಮಾಡಿದ ನಕಲೆಂದು ನ್ಯಾಯಾಲಯ 1976ರಲ್ಲಿ ತೀರ್ಪಿತ್ತಿತು. ಇದು ಗೊತ್ತಿರಲಿ, ಆದರೆ ಹಾಡು ಕೇಳುವ ಹೊತ್ತಿಗೆ ಪಕ್ಕಕ್ಕಿಡಿರಿ.

ಆಲ್ಬಮ್ ಅನ್ನು ಪಕ್ಕ ಪಕ್ಕವಾಗಿ ಬಿಡಿಸುವುದು

ಇಲ್ಲಿಯವರೆಗೆ ಬಂದವರು ಆಲ್ಬಮ್ ಅನ್ನು ಅದರ ಮೂಲ ತಟ್ಟೆಗಳ ಅಂಕಕ್ಕೆ ತಕ್ಕಂತೆ, ದಿನಕ್ಕೊಂದು ಪಕ್ಕದಂತೆ ಕೇಳಬಹುದು. ಒಂದು ಪಕ್ಕವೆಂದರೆ ನಾಲ್ಕೈದು ಹಾಡು, ಸುಮಾರು ಇಪ್ಪತ್ತು ನಿಮಿಷ. ಮೊದಲ ಪಕ್ಕದಲ್ಲಿ ಬಾಬ್ ಡಿಲನ್ ಅವರೊಂದಿಗೆ ಕೂಡಿ ಬರೆದ ಮೆಲುದನಿಯ ಹಾಡಿನಿಂದ ಆರಂಭವಾಗಿ, 'ವಾ-ವಾ'ದ ಅಬ್ಬರ ದಾಟಿ, ಏಳು ನಿಮಿಷದ 'ಇಸಂಟ್ ಇಟ್ ಎ ಪಿಟಿ'ಯಲ್ಲಿ ಮುಗಿಯುತ್ತದೆ. ಈ ಕೊನೆಯದಕ್ಕೆ ಒಂದು ಸಂಜೆಯನ್ನೇ ಕೊಡಿರಿ. ಅದರ ಆರಂಭದಲ್ಲಿ ಮೇಲಿನ ಸ್ವರಗಳು ಕದಲುತ್ತಿದ್ದರೂ ಕೆಳಗೆ ಒಂದೇ ಸ್ವರ ತಂಬೂರಿಯಂತೆ ನಿಂತಿರುತ್ತದೆ. ಹಾಡಿನ ಉತ್ತರಾರ್ಧವೆಲ್ಲ ಒಂದೇ ಸಾಲಿನ ಪುನರಾವರ್ತನೆ, ಅದರ ಮೇಲೆ ತಂತಿವಾದ್ಯಗಳೂ ಸ್ಲೈಡೂ ಮೆಲ್ಲಗೆ ದಟ್ಟವಾಗುತ್ತವೆ. ಪಾಶ್ಚಾತ್ಯ ಕೇಳುಗರು ಕೆಲವರು ಇದನ್ನು ಉದ್ದವೆಂದು ದೂರಿದ್ದುಂಟು. ಒಂದು ವಿಲಂಬಿತ ಖ್ಯಾಲಿಗೆ ಅರ್ಧ ತಾಸು ಕೂರುವ ನಮಗೆ ಏಳು ನಿಮಿಷ ಉದ್ದವಾಗಬೇಕಿಲ್ಲ. ಈ ವಾದ್ಯಮೇಳವನ್ನು ಬರೆದ ಜಾನ್ ಬಾರಮ್ ಕೂಡ ರವಿಶಂಕರ್ ಅವರ ಶಿಷ್ಯರೆಂಬುದನ್ನು ನೆನಪಿಡಿರಿ. ಅದೇ ಹಾಡಿನ ಇನ್ನೊಂದು ರೂಪ ನಾಲ್ಕನೆಯ ಪಕ್ಕದಲ್ಲಿದೆ. ಅದು ಇನ್ನೂ ನಿಧಾನ, ಇನ್ನೂ ಖಾಸಗಿ. ಒಂದೇ ಬಂದಿಶನ್ನು ಎರಡು ಮನಸ್ಥಿತಿಯಲ್ಲಿ ಹಾಡಿದರೆ ಏನಾಗುತ್ತದೆ ಎಂಬುದನ್ನು ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ತಿಳಿಯಬೇಕು. ನನ್ನ ಒಲವು ಎರಡನೆಯದರ ಕಡೆಗೆ.

ಎರಡನೆಯ ಪಕ್ಕ ಹಗುರ, ಮನೆಗೆಲಸ ಮಾಡುತ್ತಲೂ ಕೇಳಬಹುದು. ಅದರಲ್ಲಿ 'ಬಿಹೈಂಡ್ ದಟ್ ಲಾಕ್ಡ್ ಡೋರ್' ಹಾಡಿಗೆ ಅಮೆರಿಕದ ಪೀಟ್ ಡ್ರೇಕ್ ನುಡಿಸಿದ ಪೆಡಲ್ ಸ್ಟೀಲ್ ಗಿಟಾರನ್ನು ಮಾತ್ರ ಬಿಡಬೇಡಿರಿ, ಜಾರುವ ಸ್ವರದ ಇನ್ನೊಂದು ಮಾದರಿ ಅದು. ಮೂರನೆಯ ಪಕ್ಕ ನನ್ನ ದೃಷ್ಟಿಯಲ್ಲಿ ಆಲ್ಬಮ್‌ನ ಹೃದಯ. ಮಾಯೆಯ ಬಗ್ಗೆ ಎಚ್ಚರವಿರಲಿ ಎಂದು, 'ಮಾಯಾ' ಎಂಬ ಪದವನ್ನೇ ಬಳಸಿ ಹೇಳುವ 'ಬಿವೇರ್ ಆಫ್ ಡಾರ್ಕ್‌ನೆಸ್' ಇಲ್ಲಿದೆ. ನೀವು ಡೆಮೊದಲ್ಲಿ ಕೇಳಿದ ಹಾಡೇ ಅದು, ಈಗ ವಾದ್ಯಗಳನ್ನು ತೊಟ್ಟು ಬಂದಿದೆ. ದೇವರ ನಾಮ ಜಪಿಸಿದರೆ ಸಾಕು, ಮಂದಿರ-ಮಠಗಳ ಆಡಂಬರ ಬೇಡ ಎನ್ನುವ ಧಾಟಿಯ 'ಅವೇಟಿಂಗ್ ಆನ್ ಯು ಆಲ್' ಕೂಡ ಇಲ್ಲೇ ಇದೆ, ವಚನಗಳ ನಾಡಿನವರಿಗೆ ಈ ಮಾತು ದೂರದ್ದಲ್ಲ. ಫ್ರಾಂಕಿ ಕ್ರಿಸ್ಪ್ ಎಂಬವರ ಹೆಸರಿನ ಹಾಡು ಹ್ಯಾರಿಸನ್ 1970ರಲ್ಲಿ ಕೊಂಡ ಫ್ರಯರ್ ಪಾರ್ಕ್ ಎಂಬ ಬೃಹತ್ ಮನೆಯನ್ನು ಕಟ್ಟಿಸಿದ ವಕೀಲರ ಕುರಿತಾದದ್ದು.

ಮೂರನೆಯ ತಟ್ಟೆಯಾದ 'ಆಪಲ್ ಜ್ಯಾಮ್' ಅನ್ನು ಮೊದಲ ಸುತ್ತಿನಲ್ಲಿ ಬಿಟ್ಟುಬಿಡಿರಿ. ಅದು ಸ್ಟುಡಿಯೊದಲ್ಲಿ ಸೇರಿದ್ದ ವಾದಕರು ಬಿಡುವಿನಲ್ಲಿ ಮನಬಂದಂತೆ ನುಡಿಸಿದ್ದು. ನಮ್ಮಲ್ಲಿ ಕೂಡಿ ನುಡಿಸುವ ಜುಗಲಬಂದಿಯ ಶಿಸ್ತು ಅದರಲ್ಲಿಲ್ಲ. ಗಿಟಾರು ಕಲಿಯುತ್ತಿರುವವರಿಗೆ ಮಾತ್ರ ಅದರಿಂದ ಪ್ರಯೋಜನವಿದೆ.

ವೇದಿಕೆಯ ಮೇಲೆ

ಆಲ್ಬಮ್ ಆದ ಮೇಲೆ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಬಾಂಗ್ಲಾದೇಶ ನಿರಾಶ್ರಿತರ ನೆರವಿನ ಸಂಗೀತ ಕಚೇರಿಯ ಧ್ವನಿಮುದ್ರಣಕ್ಕೆ ಬರಬೇಕು. ರವಿಶಂಕರ್ ಅವರ ಕೋರಿಕೆಯಿಂದ ಹ್ಯಾರಿಸನ್ ಏರ್ಪಡಿಸಿದ ಕಚೇರಿ ಇದು. ಮೊದಲಿಗೆ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಅವರ 'ಬಾಂಗ್ಲಾ ಧುನ್' ಇದೆ. ವಾದ್ಯ ಶ್ರುತಿ ಮಾಡಿಕೊಂಡದ್ದಕ್ಕೇ ಸಭಿಕರು ಚಪ್ಪಾಳೆ ತಟ್ಟಿದಾಗ, ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ನುಡಿಸಾಣಿಕೆ ಇನ್ನೂ ಹಿಡಿಸೀತು ಎಂದು ರವಿಶಂಕರ್ ನಗೆಯಾಡಿದ್ದು ಈ ಧ್ವನಿಮುದ್ರಣದಲ್ಲಿಯೇ ಸಿಗುತ್ತದೆ. ಆ ಜುಗಲಬಂದಿಯನ್ನು ಪೂರ್ತಿ ಕೇಳಿ, ನಡುವೆ ಎದ್ದು ಹೋಗದೆ, ಹ್ಯಾರಿಸನ್ ಅವರ ಭಾಗಕ್ಕೆ ಹೋಗುವುದೇ ಇಲ್ಲಿನ ಹೆಜ್ಜೆ. ಸಿತಾರ-ಸರೋದಗಳ ಮೀಂಡ್ ಕಿವಿಯಲ್ಲಿ ಹಸಿಯಾಗಿರುವಾಗ ಅವರ ಹಾಡಿನ ಸಾಲುಗಳು ಬೇರೆಯಾಗಿ ಕೇಳಿಸುತ್ತವೆ. ಎರಡೇ ಗಿಟಾರುಗಳೊಂದಿಗೆ ಹಾಡಿದ 'ಹಿಯರ್ ಕಮ್ಸ್ ದಿ ಸನ್' ಅವರ ಕಂಠಕ್ಕೆ ಎಷ್ಟು ಕಡಿಮೆ ಆಸರೆ ಸಾಕಾಗಿತ್ತೆಂಬುದನ್ನು ತೋರಿಸುತ್ತದೆ.

1973ರ ಆಲ್ಬಮ್‌ಗೆ

'ಲಿವಿಂಗ್ ಇನ್ ದಿ ಮೆಟೀರಿಯಲ್ ವರ್ಲ್ಡ್' ಆಲ್ಬಮ್‌ನಲ್ಲಿ ಬಹುತೇಕ ನಿರ್ಮಾಣ ಹ್ಯಾರಿಸನ್ ಅವರದೇ. ಒಂದು ಹಾಡನ್ನು ಬಿಟ್ಟರೆ ಸ್ಪೆಕ್ಟರ್ ಅವರ ನೆರಳಿಲ್ಲ. ನಾದ ತಿಳಿಯಾಗಿದೆ, ನಿಕಿ ಹಾಪ್ಕಿನ್ಸ್ ಅವರ ಪಿಯಾನೊ ಒಂದೊಂದು ಸ್ವರವಾಗಿ ಕೇಳುತ್ತದೆ. 'ಗಿವ್ ಮಿ ಲವ್' ಹಾಡಿನಿಂದ ಆರಂಭಿಸಿರಿ. ಇದರ ಸ್ಲೈಡ್ 1970ರದಕ್ಕಿಂತ ಪಳಗಿದೆ, ನಡುವೆ 'ಓಂ' ಎಂಬ ಅಕ್ಷರವನ್ನು ಅವರು ಎಳೆದು ಮೇಲಕ್ಕೆ ಒಯ್ಯುವಲ್ಲಿ ಕಂಠವೂ ಸ್ಲೈಡೂ ಒಂದೇ ಕೆಲಸ ಮಾಡುತ್ತವೆ. ಸಿತಾರ ಬೇಕೆಂದು ಕಾದಿದ್ದವರಿಗೆ ಶೀರ್ಷಿಕೆಯ ಹಾಡಿನಲ್ಲಿ ಅದು ಕೊನೆಗೂ ದೊರೆಯುತ್ತದೆ. ರಾಕ್ ಧಾಟಿಯ ಹಾಡು ಥಟ್ಟನೆ ನಿಂತು, ಜಾಕಿರ್ ಹುಸೇನ್ ಅವರ ತಬಲಾದೊಂದಿಗೆ ಸಿತಾರ ಬರುವ ಚಿಕ್ಕ ಭಾಗಗಳು ಅದರಲ್ಲಿವೆ. ಇಷ್ಟು ಹೆಜ್ಜೆ ನಡೆದ ಕಿವಿಗೆ ಆ ಭಾಗಕ್ಕಿಂತ 'ಗಿವ್ ಮಿ ಲವ್' ಹಾಡಿನ ಸ್ಲೈಡೇ ಹೆಚ್ಚು ನಮ್ಮದೆನಿಸಿದರೆ ಕ್ರಮ ಫಲಿಸಿತೆಂದು ತಿಳಿಯಬಹುದು. ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಉಪದೇಶದ ದನಿ ಹೆಚ್ಚಾಗಿದೆ ಎಂಬ ಆಕ್ಷೇಪ ಹಳೆಯದು, ನಾನೂ ಅದನ್ನು ಅಲ್ಲಗಳೆಯಲಾರೆ. 'ಬಿ ಹಿಯರ್ ನೌ', 'ಹೂ ಕ್ಯಾನ್ ಸೀ ಇಟ್' ಎಂಬೆರಡರಲ್ಲಿ ಆ ದೋಷವಿಲ್ಲ.

1974ರ ಅಮೆರಿಕ ಪ್ರವಾಸದಲ್ಲಿ ಹ್ಯಾರಿಸನ್ ಅವರ ಗಂಟಲು ಕೆಟ್ಟು ದನಿ ಒಡೆದಿತ್ತು, ಅದೇ ವರ್ಷದ 'ಡಾರ್ಕ್ ಹಾರ್ಸ್' ಆಲ್ಬಮ್‌ನಲ್ಲಿಯೂ ಅದು ಕೇಳಿಸುತ್ತದೆ. ಆದ್ದರಿಂದ ಅದನ್ನು ಮುಂದಕ್ಕೆ ತಳ್ಳಿ, ಅದರ ಬದಲು ಅವರು ರವಿಶಂಕರ್ ಅವರಿಗಾಗಿ ನಿರ್ಮಿಸಿ ಅದೇ ವರ್ಷ ಹೊರತಂದ 'ಶಂಕರ್ ಫ್ಯಾಮಿಲಿ ಅಂಡ್ ಫ್ರೆಂಡ್ಸ್' ಆಲ್ಬಮ್ ತೆಗೆದುಕೊಳ್ಳಿರಿ. ಅದರಲ್ಲಿ 'ಐ ಆ್ಯಮ್ ಮಿಸಿಂಗ್ ಯು' ಎಂಬ ಕೃಷ್ಣನ ಹಾಡನ್ನು ಲಕ್ಷ್ಮೀ ಶಂಕರ್ ಇಂಗ್ಲಿಷಿನಲ್ಲಿ ಹಾಡಿದ್ದಾರೆ. ಅವರ ಠುಮರಿ, ಭಜನೆಗಳನ್ನು ಕೇಳಿದವರು ಆ ಕಂಠವನ್ನು ಮೊದಲ ಸಾಲಿಗೇ ಗುರುತಿಸುತ್ತಾರೆ.